ಬೆಳ್ಳಿಯ ಹೊಗೆ

ವಿದ್ಯಾರಣ್ಯಪುರದಲ್ಲಿ ನಮ್ಮ ಮನೆಯ ಹತ್ತಿರದ ಬಸ್ ಸ್ಟಾಪಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಕಳೆದ ತಿಂಗಳು ಮಗಳ ಶಾಲೆಗೆ ಕೊಡಬೇಕಾಗಿದ್ದ ಕಾಗದಗಳನ್ನು ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ಯಾರದೋ ದಪ್ಪ ಪುಸ್ತಕವೊಂದನ್ನು ಒಂದೇ ಸಮನೆ ಪ್ರತಿ ತೆಗೆಯುತ್ತಿದ್ದ. ಮಶೀನು ಕಾದಿತ್ತು. ಅದರ ಹಿಂಬದಿಯಿಂದ ಒಂದು ವಾಸನೆ ಬಂತು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಬರುತ್ತದಲ್ಲ, ಮೂಗಿನೊಳಗೆ ಸಣ್ಣಗೆ ಚುಚ್ಚುವಂಥದ್ದು... ಓಝೋನ್ ವಾಸನೆ. "ಎಷ್ಟು ಕಾಪಿ ಮೇಡಂ?" ಎಂದು ಅವನು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ಪಕ್ಕದಲ್ಲಿ, ಒಂದು ಸ್ಟೀಲ್ ಡಬ್ಬಿಗೆ ಕಿವಿಯೊಡ್ಡಿ ಬಗ್ಗಿ ನಿಲ್ಲುತ್ತಿದ್ದವರೊಬ್ಬರು ಕಣ್ಣ ಮುಂದೆ ಬಂದಿದ್ದರು. ಕಾಗದಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ.

ಅವರು ನಮ್ಮ ಲ್ಯಾಬಿನ ಟೆಕ್ನಿಶಿಯನ್. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಲ್ಯಾಬು ಎಂದರೆ ದೊಡ್ಡದೇನಲ್ಲ. ಯಶವಂತಪುರದ ಹಿಂಭಾಗದಲ್ಲಿ, ಹಳೆಯ ಕಾರ್ಖಾನೆಯೊಂದರ ಮಹಡಿಯ ಮೇಲೆ ಮೂರು ಕೋಣೆ, ಅಷ್ಟೆ. ಈಗ ಅದು ಮುಚ್ಚಿಹೋಗಿ ಬಟ್ಟೆಯ ಗೋದಾಮಾಗಿದೆ. ಅದನ್ನು ನಡೆಸುತ್ತಿದ್ದ ನಮ್ಮ ಸಾರ್ ಹೊರಗಿನವರು, ಕನ್ನಡ ಬರುತ್ತಿರಲಿಲ್ಲ. ನಾನು ಆಗತಾನೆ ಎಂ.ಎಸ್ಸಿ. ಮುಗಿಸಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಒಂದು ಒಳ್ಳೆಯ ಸಂಶೋಧನಾ ಪೇಪರ್ ಬಂದರೆ ಪಿಎಚ್.ಡಿ. ಸೀಟು ಸಿಗುತ್ತದೆ ಎಂಬ ಒಂದೇ ಧ್ಯಾನ. ಅಣ್ಣ ಮಾತ್ರ ನಮ್ಮ ನೌಕರರಲ್ಲ, ಒಂದು ಏಜೆನ್ಸಿಯ ಮೂಲಕ ಕಾಂಟ್ರ್ಯಾಕ್ಟಿನ ಮೇಲೆ ಬಂದವರು. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಆಗ ನನಗೆ ತಿಳಿದಿರಲಿಲ್ಲ.

ನಾವು ಮಾಡುತ್ತಿದ್ದದ್ದು ಕಿಡಿಯಿಂದ ಮಿಶ್ರಲೋಹದ ಪುಡಿ. ಗಾಜಿನ ಕಿಟಕಿಯಿದ್ದ ಸ್ಟೀಲ್ ಡಬ್ಬಿಯೊಂದರೊಳಗೆ ಎರಡು ಲೋಹದ ಕಡ್ಡಿಗಳನ್ನು ಮೂತಿಗೆ ಮೂತಿ ಎದುರಾಗಿ ಕೂರಿಸಬೇಕು. ಒಂದು ಬೆಳ್ಳಿಯದು, ಇನ್ನೊಂದು ನಿಕ್ಕಲ್‌ನದು. ನಡುವೆ ಅಕ್ಕಿಕಾಳಿನ ದಪ್ಪದಷ್ಟು ಸಂದು. ಆ ಸಂದಿನಲ್ಲಿ ಸೆಕೆಂಡಿಗೆ ನೂರಾರು ಸಲ ಕಿಡಿ ಹಾರುತ್ತಿತ್ತು. ಒಂದೊಂದು ಕಿಡಿಯೂ ಎರಡೂ ಕಡ್ಡಿಗಳ ತುದಿಯಿಂದ ಚೂರೇ ಚೂರು ಲೋಹವನ್ನು ಆವಿ ಮಾಡುತ್ತಿತ್ತು. ಆ ಆವಿ ಬೆರೆತು, ಒಳಗೆ ಹರಿಯುವ ಆರ್ಗಾನ್ ಗ್ಯಾಸಿನಲ್ಲಿ ತಟ್ಟನೆ ತಣಿದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಹೊಗೆಯಂತೆ ತೇಲಿಹೋಗಿ ಫಿಲ್ಟರಿನ ಮೇಲೆ ಕಪ್ಪಗೆ ಕೂರುತ್ತಿತ್ತು. ಬೆಳ್ಳಿಯೂ ನಿಕ್ಕಲ್ಲೂ ಹಟಮಾರಿಗಳು. ಮೂಸೆಯಲ್ಲಿ ಹಾಕಿ ಕರಗಿಸಿದರೂ ಒಂದಕ್ಕೊಂದು ಬೆರೆಯುವುದಿಲ್ಲ. ಕಿಡಿಯಲ್ಲಿ ಮಾತ್ರ, ಬೇರೆಯಾಗಲು ಪುರಸೊತ್ತೇ ಸಿಗದೆ, ಒಂದೇ ಕಣದೊಳಗೆ ಸಿಕ್ಕಿಬೀಳುತ್ತಿದ್ದವು. ಕಾರ್ಖಾನೆಗಳಲ್ಲಿ ಗ್ಯಾಸ್ ಸೋರಿದರೆ ಪತ್ತೆ ಹಚ್ಚುವ ಸಾಧನಕ್ಕೆ ಆ ಪುಡಿ ಬೇಕಾಗಿತ್ತು.

ಸಂದು ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಬೇಕಾದಷ್ಟು ಮೀಟರುಗಳಿದ್ದವು. ಅಣ್ಣನಿಗೆ ಕಿವಿ ಸಾಕಾಗಿತ್ತು. ಇಪ್ಪತ್ತು ವರ್ಷ ಪೀಣ್ಯದ ಟೂಲ್ ರೂಮುಗಳಲ್ಲಿ ಸ್ಪಾರ್ಕ್ ಮಶೀನ್ ನಡೆಸಿ ಬಂದವರು ಅವರು. ಎಣ್ಣೆಯೊಳಗೆ ಕಿಡಿ ಹಾರಿಸಿ ಗಟ್ಟಿ ಉಕ್ಕನ್ನು ಕೊರೆಯುವ ಮಶೀನು ಅದು. ಬೆಳಗ್ಗೆ ಗ್ಯಾಸ್ ಬಿಡುವ ಮುಂಚೆ ಬರೀ ಗಾಳಿಯಲ್ಲೇ ಒಂದೆರಡು ನಿಮಿಷ ಕಿಡಿ ಹಾರಿಸಿ, ಡಬ್ಬಿಗೆ ಕಿವಿಕೊಟ್ಟು, ಕಡ್ಡಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಕೋಣೆಯ ತುಂಬ ಆ ವಾಸನೆ ಏಳುತ್ತಿದ್ದದ್ದು ಆಗಲೇ. ನಾನು ಗಡಿಯಾರ ನೋಡಿದರೆ ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

"ಅವಸರ ಮಾಡ್ಬೇಡಿ ಮೇಡಂ, ಇನ್ನೂ ಗೊರಗೊರ ಅಂತೈತೆ..." ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, "ಹಾಂ, ಈಗ ಹದಕ್ಕೆ ಬಂತು" ಎಂದು ನಗುತ್ತಿದ್ದರು. ಆಮೇಲೆ ನಾನು ಮೀಟರ್ ನೋಡಿದರೆ ಎಲ್ಲವೂ ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು. ಮೊದಮೊದಲು ನನಗೆ ಸೋಜಿಗ, ಆಮೇಲೆ ಸಣ್ಣ ಹೊಟ್ಟೆಕಿಚ್ಚು. ಓದಿದವಳು ನಾನಲ್ಲವೇ!

ಕಪ್ಪಗೆ, ತೆಳ್ಳಗೆ ಇದ್ದರು. ಅಮೃತಹಳ್ಳಿಯ ಹಳೇ ಊರಿನವರು. ಮಾತು ಕಡಿಮೆ. ಬಂದೊಡನೆ ಕೈಕಾಲು ತೊಳೆದು, ಡ್ರಾಯರಿನಲ್ಲಿಟ್ಟಿದ್ದ ಪುಟ್ಟ ಡಬ್ಬಿಯಿಂದ ಹಣೆಗೆ ವಿಭೂತಿ ಹಚ್ಚಿಕೊಂಡು, ಮತ್ತೊಮ್ಮೆ ಸೋಪು ಹಾಕಿ ಕೈ ತೊಳೆದು, ಆಮೇಲೆ ಗ್ಲೌಸು ಹಾಕಿಕೊಳ್ಳುತ್ತಿದ್ದರು. ಎರಡನೇ ಸಲ ಕೈ ತೊಳೆಯುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ. ಕಡ್ಡಿಗಳನ್ನು ನಯವಾದ ಎಮೆರಿ ಕಾಗದದಿಂದ ತಿಕ್ಕಿ, ಅಸಿಟೋನ್‌ನಲ್ಲಿ ಒರೆಸಿಯೇ ಕೂರಿಸುತ್ತಿದ್ದರು. ಅಮ್ಮ ನನ್ನ ಊಟದ ಜೊತೆ ಅವರಿಗೂ ಒಂದಿಷ್ಟು ಚಿತ್ರಾನ್ನವನ್ನೋ ಕಡುಬನ್ನೋ ಕಳಿಸಿದರೆ, ಖಾಲಿ ಡಬ್ಬಿ ಕೊಡಬಾರದೆಂದು ಮಾರನೆಯ ದಿನ ಅದರಲ್ಲಿ ಒಂದು ಹಿಡಿ ಕರಿಬೇವು ಹಾಕಿ ತರುತ್ತಿದ್ದರು. ಅಮ್ಮ ಅವರನ್ನು ನೋಡಿಯೇ ಇರಲಿಲ್ಲ. ಆದರೂ ಅವರ ವಿಷಯ ಆಗಾಗ ಕೇಳುತ್ತಿದ್ದಳು.

ಆ ವರ್ಷದ ಗೌರಿಹಬ್ಬದ ಹಿಂದಿನ ದಿನ ನಡೆದದ್ದನ್ನು ಈಗ ನೆನೆಸಿಕೊಂಡರೆ... ಎಷ್ಟು ಸಣ್ಣ ವಿಷಯ. ಸಂಜೆ ಕೆಲಸ ಮುಗಿದ ಮೇಲೆ ಬೆಳ್ಳಿ ಕಡ್ಡಿಯನ್ನು ಬಿಚ್ಚಿ, ಟಿಶ್ಯೂ ಕಾಗದದಲ್ಲಿ ಸುತ್ತಿ, ಸಾರ್ ಅವರ ಕಪಾಟಿನಲ್ಲಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಅದು ನಿಯಮ. ಅಣ್ಣ ಹಬ್ಬದ ಸಾಮಾನು ಕೊಳ್ಳಬೇಕೆಂದು ಬೇಗ ಹೋಗಿದ್ದರು. ಕಡ್ಡಿಯನ್ನು ಬಿಚ್ಚಿದವಳು ನಾನು. ಸುತ್ತಿ ಕೈಯಲ್ಲಿ ಹಿಡಿದಿದ್ದಾಗ ಅಮ್ಮನ ಫೋನು ಬಂತು: ಮಾವಿನ ಸೊಪ್ಪು ತಾ, ಬಾಳೆ ಕಂದು ತಾ, ತಡ ಮಾಡಬೇಡ. ಮಾತಾಡುತ್ತ ಮಾತಾಡುತ್ತ ಅದನ್ನು ಊಟದ ಚೀಲದ ಪಕ್ಕದ ಜೇಬಿಗೆ ಸೇರಿಸಿಕೊಂಡು ಹೊರಟುಬಿಟ್ಟೆ. ಎರಡು ದಿನ ರಜೆ. ಹಬ್ಬ ಮುಗಿಸಿ ಲ್ಯಾಬಿಗೆ ಬಂದು ಚೀಲ ತೆರೆದಾಗಲೇ ಕೈಗೆ ಸಿಕ್ಕಿದ್ದು. ಯಾರೂ ಬಂದಿರಲಿಲ್ಲ. ಸುತ್ತಿದ ಕಾಗದವನ್ನು ಬಿಚ್ಚದೆ ಹಾಗೇ ಪೆಟ್ಟಿಗೆಯಲ್ಲಿಟ್ಟು, ಬಚಾವಾದೆ ಎಂದುಕೊಂಡೆ.

ಅರ್ಧ ಗಂಟೆಯ ಮೇಲೆ ಅಣ್ಣ ಪೆಟ್ಟಿಗೆ ತೆರೆದು ಕಡ್ಡಿಯನ್ನು ಬೆಳಕಿಗೆ ಹಿಡಿದರು. "ಏನ್ ಮೇಡಂ, ಬೆಳ್ಳಿ ಫಳಫಳ ಅಂತೈತೆ ಇವತ್ತು?" ಎಂದರು. ನಾನು ಕಂಪ್ಯೂಟರಿನಿಂದ ತಲೆಯೆತ್ತದೆ "ಹೂಂ" ಅಂದೆ. ಇಷ್ಟು ಹೊಳೆಯುವಾಗ ಎಮೆರಿ ಕಾಗದ ಯಾಕೆ ಎಂದು ಅವರು ಅಸಿಟೋನ್‌ನಲ್ಲಿ ಮಾತ್ರ ಒರೆಸಿ ಕೂರಿಸಿದರು.

ಆ ವಾರ ಮಾಡಿದ ಪುಡಿಯನ್ನೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಬೇರೊಂದು ಕಡೆ ಕಳಿಸಿದ್ದೆವು. ಮೂರು ವಾರದ ಮೇಲೆ ವರದಿ ಬಂತು. ಬೆಳ್ಳಿ ಇದೆ, ನಿಕ್ಕಲ್ ಇದೆ, ಜೊತೆಗೆ ಯಾರೂ ಕರೆಯದ ಕ್ಯಾಲ್ಸಿಯಂ ಇದೆ. ಅಂದರೆ ಸುಣ್ಣದ ಅಂಶ. ಪುಡಿಯನ್ನು ಕೊಳ್ಳಬೇಕಾಗಿದ್ದ ಕಂಪನಿಗೂ ಅದೇ ಮಾದರಿ ಹೋಗಿತ್ತು. ಅವರು ಬೇಡವೆಂದು ಬರೆದರು. ಸಾರ್ ಮುಖ ಕೆಂಪಗಾಯಿತು. ಎಲ್ಲಿಂದ ಬಂತು ಇದು, ನಾಳೆಯೊಳಗೆ ಪತ್ತೆ ಮಾಡು ಎಂದು ನನಗೆ ಹೇಳಿದರು.

ನಾನು ಪತ್ತೆ ಮಾಡಿದೆ! ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಹೇಸಿಗೆ. ಗ್ಯಾಸ್ ಅಲ್ಲ, ಫಿಲ್ಟರ್ ಅಲ್ಲ, ಡಬ್ಬಿಯ ಗೋಡೆಯಲ್ಲ ಎಂದು ಒಂದೊಂದನ್ನೇ ತೆಗೆದುಹಾಕುತ್ತ ಬಂದು, ಕೊನೆಗೆ ಡ್ರಾಯರಿನಲ್ಲಿದ್ದ ವಿಭೂತಿ ಡಬ್ಬಿಯ ಮುಂದೆ ನಿಂತೆ. ಚಿಟಿಕೆ ತೆಗೆದು ಪರೀಕ್ಷೆ ಮಾಡಿದರೆ ಬೇಕಾದಷ್ಟು ಕ್ಯಾಲ್ಸಿಯಂ. ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ಕಡೆ ಬೆಳ್ಳಿ ಸಾಮಾನನ್ನು ವಿಭೂತಿಯಲ್ಲಿ ಉಜ್ಜುತ್ತಾರೆ, ಇವರು ಕಡ್ಡಿಯನ್ನು ಹಾಗೆ ಉಜ್ಜಿರಬೇಕು, ಇಲ್ಲವೇ ವಿಭೂತಿಯ ಕೈಯಲ್ಲೇ ಮುಟ್ಟಿರಬೇಕು ಎಂದು ಸಾರ್‌ಗೆ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ವಿವರಿಸಿದೆ. ಅವರು ಎರಡೆರಡು ಸಲ ಕೈ ತೊಳೆಯುತ್ತಾರೆ ಎಂಬುದನ್ನು ಹೇಳಲಿಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ನೆನಪಾಗಿತ್ತು. ಹೇಳಿದ್ದರೆ ನನ್ನ ಜಾಣತನಕ್ಕೆ ಕುಂದು ಬರುತ್ತಿತ್ತು.

ಅಣ್ಣನನ್ನು ಕರೆಸಿದರು. ಸಾರ್ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ನಾನ್ ತೆಗ್ದಾಗ್ಲೇ ಹೊಳೀತಿತ್ತು ಸಾರ್. ಮೇಡಂಗೂ ಹೇಳ್ದೆ" ಎಂದರು ಅಣ್ಣ. ನನ್ನ ಕಡೆ ನೋಡಿದರು. ನಾನು ಹೌದೆನ್ನಬೇಕಿತ್ತು. ಹೌದೆಂದರೆ ಪೆಟ್ಟಿಗೆ, ಹಬ್ಬದ ರಜೆ, ಊಟದ ಚೀಲ, ಎಲ್ಲ ಒಂದರ ಹಿಂದೊಂದು ಬರುತ್ತಿತ್ತು. ಬೆಳ್ಳಿಯನ್ನು ಲ್ಯಾಬಿನಿಂದ ಹೊರಗೆ ಒಯ್ದವಳು ನಾನು ಎಂದು ಗೊತ್ತಾದರೆ ನನ್ನ ಗತಿಯೇನು ಎಂಬುದಷ್ಟೇ ತಲೆಯಲ್ಲಿತ್ತು. ಆದರೆ ದೇವರಾಣೆಗೂ, ಮನೆಯಲ್ಲಿ ಕಡ್ಡಿಗೆ ಏನಾದರೂ ಆಗಿರಬಹುದೆಂದು ಆ ಕ್ಷಣ ನನಗೆ ಹೊಳೆದಿರಲಿಲ್ಲ. ನನಗೆ ನೆನಪಿಲ್ಲ ಎಂದೆ. ಸಾರ್ ನಕ್ಕು, ಹೊಳೆಯುತ್ತಿತ್ತು ಎಂದ ಮೇಲೆ ಉಜ್ಜಿದವನು ಇವನೇ, ಬೇರೆ ಯಾರು ಉಜ್ಜುತ್ತಾರೆ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಿದೆ.

ಆ ಮಧ್ಯಾಹ್ನ ಏಜೆನ್ಸಿಯ ಸೂಪರ್‌ವೈಸರ್‌ಗೆ ವಿಷಯ ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು, ಆತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಾರ್ ಇಂಗ್ಲಿಷಿನಲ್ಲಿ ಬರೆದಿದ್ದ ಚೀಟಿ ಕೈಯಲ್ಲಿತ್ತು: ಶುಚಿಯಿಲ್ಲದ ಕೈಯಿಂದ ಬೆಳ್ಳಿ ಕಡ್ಡಿಯನ್ನು ಮುಟ್ಟಿದ್ದಾರೆ, ಬೇರೆಯವರನ್ನು ಕಳಿಸಿ, ಅಷ್ಟೇ. ಫೋನಿನಲ್ಲಿ ಅದನ್ನು ಕನ್ನಡದಲ್ಲಿ ಹೇಳುವಾಗ ನನ್ನ ಬಾಯಿಂದ ಬಂದ ಮಾತು ಇದು.

"ಬೆಳ್ಳಿ ಕಡ್ಡಿ ವಿಷಯದಲ್ಲಿ ಅವರ ಕೈ ಶುದ್ಧ ಇರ್ಲಿಲ್ಲ."

"ಓಹೋ... ಗೊತ್ತಾಯ್ತು ಬಿಡಿ ಮೇಡಂ. ನಾನ್ ನೋಡ್ಕೋತೀನಿ" ಎಂದು ಆತ ಫೋನಿಟ್ಟ. ನಾನು ಸಮಾಧಾನದಿಂದ ಕಾಫಿ ಕುಡಿಯಲು ಹೋದೆ. ಕೈ ಶುದ್ಧವಿಲ್ಲ ಎಂದರೆ ನಮ್ಮ ಭಾಷೆಯಲ್ಲಿ ಯಾರೂ ಸೋಪಿನ ಬಗ್ಗೆ ಯೋಚಿಸುವುದಿಲ್ಲ ಎಂದು ಕನ್ನಡದಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ. ಕಳ್ಳ ಎಂದೆ ನಾನು. ಅವರು ಕಳ್ಳ ಎಂದು ನಾನು ಹೇಳಿದೆ.

ಮಾರನೆಯ ದಿನ ಕೆಳಗೆ ಗೇಟಿನ ಹತ್ತಿರ ಗಲಾಟೆ ಕೇಳಿ ಕಿಟಕಿಯಿಂದ ನೋಡಿದೆ. ಸೂಪರ್‌ವೈಸರ್ ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದ. ಅಣ್ಣನ ಟೂಲ್ ಚೀಲವನ್ನು ನೆಲದ ಮೇಲೆ ಸುರಿದಿದ್ದರು. ಸುತ್ತ ಪಕ್ಕದ ಶೆಡ್ಡುಗಳ ಕೆಲಸಗಾರರೆಲ್ಲ ನಿಂತಿದ್ದರು. ಸಾರ್ ಅವರ ಕಪಾಟಿನಲ್ಲಿದ್ದ ಪೆಟ್ಟಿಗೆಯನ್ನು ಸೂಪರ್‌ವೈಸರ್ ತರಿಸಿ ನೋಡಿದ್ದನಂತೆ. ಮೊದಲು ಬೆರಳುದ್ದ ಇದ್ದ ಬೆಳ್ಳಿ ಕಡ್ಡಿ ಈಗ ಅರ್ಧಕ್ಕಿಂತ ಗಿಡ್ಡವಾಗಿತ್ತು. ಆಗದೆ ಇರುತ್ತದೆಯೇ? ಕಿಡಿ ತಿನ್ನುವುದೇ ಅದನ್ನು. ಉಳಿದರ್ಧ ಎಲ್ಲಿ ಮಾರಿದೆ ಎಂದು ಆತ ಕೇಳುತ್ತಿದ್ದ.

"ಅದು ಕಿಡಿಗೆ ಹೋಯ್ತದೆ ಸಾರ್. ಹೊಗೆ ಆಗೋಯ್ತದೆ" ಎಂದರು ಅಣ್ಣ.

ಎಲ್ಲರೂ ಗೊಳ್ಳೆಂದು ನಕ್ಕರು. "ಕೇಳ್ರಪ್ಪೋ, ಬೆಳ್ಳಿ ಹೊಗೆ ಆಗುತ್ತಂತೆ! ನಮ್ಮನೇಲೂ ಒಂದಿಷ್ಟು ಹಂಗೇ ಆಗ್ಲಿ ಗುರು" ಎಂದ ಒಬ್ಬ. ನಾನು ಮೆಟ್ಟಿಲಿಳಿದು ಹೋದೆ, ಅಷ್ಟು ಮಾತ್ರ ಮಾಡಿದೆ. ಸೂಪರ್‌ವೈಸರನ್ನು ಪಕ್ಕಕ್ಕೆ ಕರೆದು, ನಾನು ಹೇಳಿದ್ದು ಹಾಗಲ್ಲ ಎಂದು ತೊದಲಿದೆ. "ನಿಮ್ದು ದೊಡ್ಡ ಮನಸ್ಸು ಮೇಡಂ. ಇಂಥೋರ್ನ ನಾವು ದಿನಾ ನೋಡ್ತೀವಿ, ನೀವು ಮೇಲೆ ಹೋಗಿ" ಎಂದ ಆತ. ನಾನು ಮೇಲೆ ಹೋದೆ. ಅಣ್ಣ ಬಗ್ಗಿ ಸ್ಪ್ಯಾನರುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನತ್ತ ನೋಡಲಿಲ್ಲ.

ಅದಾಗಿ ಒಂದು ತಿಂಗಳಿಗೆ ದೀಪಾವಳಿ. ಅಮ್ಮ ಹಿತ್ತಲಿನ ಕಟ್ಟೆಯ ಮೇಲೆ ಕೂತು ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಿದ್ದಳು. ನಾನು ಪಕ್ಕದಲ್ಲಿ ಕಾಫಿ ಹಿಡಿದು ಕೂತಿದ್ದೆ. "ಗೌರಿಹಬ್ಬಕ್ಕೆ ನಿನ್ನ ಚೀಲದಲ್ಲಿದ್ದ ಬೆಳ್ಳಿ ಕಡ್ಡೀನೂ ಉಜ್ಜಿ ಇಟ್ಟಿದ್ದೆ. ಮಸಿ ಹಿಡಿದು ಏನು ಕಪ್ಪಾಗಿತ್ತು ಅಂತೀಯ! ಒಂದು ಮಾತೂ ಹೇಳ್ಲಿಲ್ಲ ನೀನು" ಎಂದಳು. ಅವಳಿಗೆ ಬೇಕಿದ್ದದ್ದು ಒಂದು ಶಭಾಸ್, ಅಷ್ಟೆ. ಊಟದ ಡಬ್ಬಿ ತೊಳೆಯಲು ಚೀಲ ತೆಗೆದಾಗ ಸಿಕ್ಕಿತಂತೆ. ಬೆಳ್ಳಿಯಲ್ಲವೇ, ಹಬ್ಬದ ದಿನ ಹಾಗೆ ಕಪ್ಪಗೆ ಇರಬಾರದೆಂದು ಚೆನ್ನಾಗಿ ತಿಕ್ಕಿ, ತೊಳೆದು, ಒರೆಸಿ, ಮತ್ತೆ ಅದೇ ಕಾಗದದಲ್ಲಿ ಸುತ್ತಿಟ್ಟಿದ್ದಳು. ಕಿಡಿ ಕಚ್ಚಿ ಕಚ್ಚಿ ತೂತುತೂತಾಗಿದ್ದ ತುದಿಯಲ್ಲಿ ವಿಭೂತಿ ಉಳಿದುಕೊಂಡಿತ್ತು. "ತುಂಬ ಚೆನ್ನಾಗಿ ಹೊಳೀತಿತ್ತಮ್ಮ" ಅಂದೆ. ಒಳಗೆ ಹೋಗಿ ಬಚ್ಚಲಮನೆಯ ಚಿಲಕ ಹಾಕಿಕೊಂಡು ಅತ್ತೆ.

ಅತ್ತೆ, ಅಷ್ಟೇ. ಸಾರ್‌ಗೆ ಹೇಳಲಿಲ್ಲ. ಏಜೆನ್ಸಿಗೆ ಒಂದು ಫೋನು ಮಾಡಲಿಲ್ಲ. ಪೇಪರು ಪರಿಶೀಲನೆಯಲ್ಲಿದೆ, ಅದು ಬರಲಿ ಎಂದುಕೊಂಡೆ. ಅದು ಬಂತು. ಪಿಎಚ್.ಡಿ. ಸೀಟು ಸಿಗಲಿ ಎಂದುಕೊಂಡೆ. ಅದೂ ಸಿಕ್ಕಿತು. ಪೇಪರಿನ ಕೊನೆಯಲ್ಲಿ ಕೃತಜ್ಞತೆ ಎಂದು ಗ್ಯಾಸ್ ಸಿಲಿಂಡರ್ ತಂದುಕೊಡುವವರವರೆಗೆ ಎಲ್ಲರ ಹೆಸರೂ ಇದೆ. ಅವರದಿಲ್ಲ. ಅವರ ಜಾಗಕ್ಕೆ ಬಂದವರಿಗೆ ಸಂದು ಹೊಂದಿಸಲು ಕೊನೆಗೂ ಬರಲಿಲ್ಲ. ಮೀಟರು ಸರಿಯಿದೆ ಎನ್ನುತ್ತಿತ್ತು, ಪುಡಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಲ್ಯಾಬು ಮುಚ್ಚಿತು.

ಅದಕ್ಕೆ ಮುಂಚೆ ಒಮ್ಮೆ ಅಣ್ಣ ಸಿಕ್ಕಿದ್ದರು. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ, ಬೆಳಗಿನ ಹೊತ್ತು. ಸೆಕ್ಯುರಿಟಿ ಗಾರ್ಡಿನ ನೀಲಿ ಅಂಗಿ, ಹಣೆಯಲ್ಲಿ ಅದೇ ವಿಭೂತಿ. ಪೀಣ್ಯ, ನಾಗಸಂದ್ರದ ಕಡೆ ಒಂದು ಶೆಡ್ಡಿನಲ್ಲೂ ಅವರನ್ನು ಸೇರಿಸಿಕೊಳ್ಳಲಿಲ್ಲ, ಹೋದಲ್ಲೆಲ್ಲ ಬೆಳ್ಳಿ ಕಥೆ ಮುಂಚೆಯೇ ತಲುಪಿರುತ್ತಿತ್ತು ಎಂದು ಪಕ್ಕದ ಶೆಡ್ಡಿನವರು ಹೇಳಿದ್ದನ್ನು ಕೇಳಿದ್ದೆ. ನಾನು ತಲೆತಪ್ಪಿಸಿಕೊಳ್ಳಲು ನೋಡಿದೆ. ಅವರೇ ಹತ್ತಿರ ಬಂದರು.

"ಚೆನ್ನಾಗಿದ್ದೀರಾ ಮೇಡಂ? ನಮ್ ಪೇಪರ್ರು ಬಂತಾ?"

ನಮ್ಮ ಪೇಪರು ಎಂದರು. "ಬಂತು ಅಣ್ಣ" ಎಂದೆ.

"ಸದ್ದು ಹದಕ್ಕೆ ಬರ್ತೈತಾ ಈಗ?"

"ಬರುತ್ತೆ" ಎಂದು ಸುಳ್ಳು ಹೇಳಿದೆ. ಅವರು ತಲೆಯಾಡಿಸಿದರು. ಆಗ ಹೇಳಬಹುದಿತ್ತು. ಅಲ್ಲೇ, ಆ ಗದ್ದಲದಲ್ಲೇ, ಕೈ ಹಿಡಿದು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು... ಯಲಹಂಕದ ಬಸ್ಸು ಬಂತು. ನನ್ನ ಬಸ್ಸಲ್ಲ ಅದು. ಆದರೂ ಹತ್ತಿಬಿಟ್ಟೆ.

ಆಮೇಲೆ ಮದುವೆ, ಮಗಳು, ಕಾಲೇಜಿನಲ್ಲಿ ಪಾಠದ ಕೆಲಸ. ಒಂದೇ ಊರಿನಲ್ಲಿದ್ದುಕೊಂಡು ಹತ್ತು ವರ್ಷ ಅವರ ಮನೆಯ ದಾರಿ 'ಹುಡುಕಲಾಗದೆ' ಉಳಿದೆ. ಆ ಜೆರಾಕ್ಸ್ ಅಂಗಡಿಯಿಂದ ಬಂದ ಮೇಲೆ ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಶನಿವಾರ ಬೆಳಗ್ಗೆ ಹೊರಟೆ.

ಅಮೃತಹಳ್ಳಿಯ ಹಳೇ ಊರಿನ ಓಣಿಗಳು ಎತ್ತರದ ಬಾಡಿಗೆ ಮನೆಗಳ ನಡುವೆ ಕಿರಿದಾಗಿ ಉಳಿದುಕೊಂಡಿವೆ. ಮೂಲೆಯ ಅಂಗಡಿಯ ಹೆಂಗಸಿಗೆ ಅವರ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಮೊದಲು ಲ್ಯಾಬಿನಲ್ಲಿದ್ದರು, ಆಮೇಲೆ ಗೇಟ್ ಕೆಲಸ ಮಾಡುತ್ತಿದ್ದರು ಎಂದೆ. "ಓ, ಬೆಳ್ಳಿಯಪ್ಪನ ಮನೆನಾ? ಅಂಗೇ ಮುಂದುಕ್ಕೋಗಿ, ನೀಲಿ ಬಾಗ್ಲು" ಎಂದಳು. ಆ ಹೆಸರು ಯಾಕೆ ಬಂತೆಂದು ಅವಳಿಗೆ ತಿಳಿದಿರಲಾರದು. ತೀರ ಚಿಕ್ಕವಳು. ಆ ಓಣಿಯ ಮಕ್ಕಳಿಗೆಲ್ಲ ಅದೇ ಅವರ ಹೆಸರಾಗಿತ್ತು.

ಬಾಗಿಲು ತೆಗೆದವರು ಅವರ ಹೆಂಡತಿ. ಹಣೆ ಬರಿದಾಗಿತ್ತು. ನಾನು ಏನನ್ನೂ ಕೇಳಬೇಕಾಗಲಿಲ್ಲ. ಲ್ಯಾಬಿನಲ್ಲಿ ಅವರ ಜೊತೆ ಇದ್ದವಳು ಎಂದಾಗ ಅವರ ಮುಖ ಸ್ವಲ್ಪ ಬಿಗಿಯಿತು. ಆದರೂ ಕುರ್ಚಿ ಎಳೆದು ಹಾಕಿ, "ಬನ್ನಿ, ಕೂತ್ಕಳಿ. ಅವ್ರು ಓಗಿ ಎರಡು ವರ್ಷ ಆಯ್ತು" ಎಂದರು. ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯಲಿಲ್ಲವಂತೆ. ಗೋಡೆಯಲ್ಲಿ ಫೋಟೋ ಇತ್ತು. ನಾನು ಅದಕ್ಕೆ ಬೆನ್ನು ಮಾಡಿ ಕೂತೆ.

ಎಲ್ಲವನ್ನೂ ಹೇಳಿದೆ. ಊಟದ ಚೀಲ, ಅಮ್ಮ, ವಿಭೂತಿ, ಫೋನಿನಲ್ಲಿ ಆಡಿದ ಮಾತು, ಯಾವುದನ್ನೂ ಬಿಡಲಿಲ್ಲ. ಅವರು ಕದಿಯಲಿಲ್ಲ, ಯಾರೂ ಕದಿಯಲಿಲ್ಲ, ಏನೂ ಕಳುವಾಗಿರಲೇ ಇಲ್ಲ ಎಂದೆ. ಅತ್ತುಬಿಟ್ಟೆ ಕೂಡ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಆಕೆ ಕೇಳಿದ್ದು ಒಂದೇ.

"ಬೆಳ್ಳಿ ಹೊಗೆ ಆಗೋಯ್ತದೆ ಅಂತಿದ್ರು. ಅದು ನಿಜವಾ?"

"ನಿಜ" ಎಂದೆ.

ಆಕೆ ಮಾತು ಆಡತೊಡಗಿದ್ದು ಆಮೇಲೆ. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. "ದೀಪ ಮುಟ್ಟಿ ಆಣೆ ಮಾಡಿ ಅಂದೆ ಅವತ್ತು. ಮಾಡ್ಲಿಲ್ಲ. 'ನೀನೂ ಆಣೆ ಕೇಳ್ತೀಯಾ' ಅಂದ್ರು, ಅಷ್ಟೇಯ. ಕದ್ದವ್ರೆ, ಅದ್ಕೇ ಆಣೆ ಮಾಡಾಕೆ ಎದರ್ತಾವ್ರೆ ಅಂದ್ಕಂಡೆ. ನನ್ ಕಾಲ್ ಚೈನು, ಕುಂಕುಮದ ಬಟ್ಲು ಎಲ್ಲಾನೂ ಟ್ರಂಕಿಗೆ ಆಕಿ ಬೀಗ ಜಡ್ದೆ. ಅವ್ರ ಕಣ್ ಮುಂದೇನೆ ಜಡ್ದೆ. ಒಂಬತ್ತು ವರ್ಷ ಬೀಗದ ಕೈ ನನ್ ಸೆರಗಲ್ಲೇ ಇತ್ತು. ಒಂದ್ ದಿನಾನೂ ಯಾಕೆ ಅಂತ ಕೇಳ್ಲಿಲ್ಲ ಆವಪ್ಪ..."

ಸಮಾಧಾನದ ಮಾತು ಆಡಲು ನಾನು ಯಾರು? ಎದ್ದು ನಿಂತೆ. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದ ಆಕೆ ಬಾಗಿಲವರೆಗೆ ಬಂದು, ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದರು.

"ಕಳ್ಳ ಅಂತ್ಲೇ ಇದ್ದಿದ್ರೆ ಎಂಗೋ ಕಾಲ ಕಳ್ಕಂಡು ಓಗ್ತಿದ್ದೆ. ಈಗ್ಯಾಕವ್ವ ಬಂದು ಏಳ್ದೆ?"

ನಾನು ಹೋದದ್ದು ನನಗೋಸ್ಕರ. ಅಣ್ಣನಿಗೋಸ್ಕರ ಹೋಗುವುದಿದ್ದರೆ ಹನ್ನೊಂದು ವರ್ಷದ ಹಿಂದೆ ಹೋಗಬೇಕಿತ್ತು. ಹೇಳಿ ಹಗುರಾಗೋಣ ಎಂದುಕೊಂಡಿದ್ದೆ, ಹಗುರಾಗಲಿಲ್ಲ. ಆ ನೀಲಿ ಬಾಗಿಲಿನ ಹಿಂದೆ, ಸತ್ತುಹೋದ ಗಂಡನ ಹತ್ತಿರ ಕ್ಷಮೆ ಕೇಳಲು ದಾರಿಯಿಲ್ಲದ ಇನ್ನೊಬ್ಬಳನ್ನು ಕೂರಿಸಿ ಬಂದೆ, ಅಷ್ಟೇ. ಅದಾಗಿ ಹತ್ತು ದಿನವಾಯಿತು.

ಅಂದು ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಅಮ್ಮ ನನಗಾಗಿ ಊಟ ಮಾಡದೆ ಕಾದಿದ್ದಳು. ಎಪ್ಪತ್ತೆರಡು ವರ್ಷ ಈಗ ಅವಳಿಗೆ, ಕಣ್ಣು ಮಂಜಾಗಿದೆ. ನಡೆದದ್ದರಲ್ಲಿ ಒಂದಕ್ಷರವೂ ಅವಳಿಗೆ ಗೊತ್ತಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಹಳೇ ಲ್ಯಾಬಿನ ಅಣ್ಣನ ಮನೆಗೆ ಎಂದು ಬಾಯಿಂದ ಬಂದುಬಿಟ್ಟಿತು.

"ಹೌದಾ! ಹೇಗಿದ್ದಾರೆ ಅವರು?" ಎಂದಳು ಅಮ್ಮ, ತಟ್ಟೆ ಹಾಕುತ್ತ.

"ಚೆನ್ನಾಗಿದ್ದಾರಮ್ಮ" ಎಂದೆ. "ನಿನ್ನನ್ನ ಕೇಳಿದ್ರು."